ಮುಳುಗಿದ ಹಡಗಿನ ನಾಣ್ಯ ಮನೆಗೆ ಬಂದಾಗ

ಪ್ರಶ್ನೆ:

ಅಕ್ಕಾ, ನಮ್ಮದು ಕುಂದಾಪುರದ ಕಡೆ. 17 ವರ್ಷದಿಂದ ಅಮೆರಿಕದ ವರ್ಜೀನಿಯಾ ರಾಜ್ಯದ ಹರ್ನ್‌ಡನ್ ಎಂಬ ಊರಿನಲ್ಲಿದ್ದೇವೆ. ಯಜಮಾನರಿಗೆ ಸಾಫ್ಟ್‌ವೇರ್ ಕೆಲಸ. ನಾನು ಒಂದು ಶಾಲೆಯಲ್ಲಿ ಅರ್ಧ ದಿನ ಕೆಲಸ ಮಾಡುತ್ತೇನೆ. ಮಗಳು ಬರುವ ವರ್ಷ ಕಾಲೇಜು ಸೇರಬೇಕು.

ನಮ್ಮ ಊರಿನ ಹೆಸರು ಹಡಗಿನ ಜೊತೆಗೇ ಮುಳುಗಿದ ಒಬ್ಬ ಕ್ಯಾಪ್ಟನ್ನನ ಹೆಸರು ಎಂದು ಇವರಿಗೆ ಆಫೀಸಿನಲ್ಲಿ ಯಾರೋ ಹೇಳಿದರಂತೆ. ಶುರುವಾದದ್ದು ಅಲ್ಲಿಂದ. ಮೊದಲು ಪುಸ್ತಕ ತಂದರು, ರಾತ್ರಿಯೆಲ್ಲ ವಿಡಿಯೊ ನೋಡಿದರು. ಆಮೇಲೆ ಆ ಹಡಗಿನಿಂದ ಮೇಲೆತ್ತಿದ ಒಂದು ಚಿನ್ನದ ನಾಣ್ಯ ಕೊಂಡರು. ಅದನ್ನು ನನಗೆ ತೋರಿಸಿದ್ದರು, ನಾನೂ ಖುಷಿಪಟ್ಟಿದ್ದೆ. ಹೋದ ತಿಂಗಳು ತೆರಿಗೆಯ ಕಾಗದ ಹುಡುಕುವಾಗ ಕಪಾಟಿನ ಹಿಂದೆ ಒಂದು ಪೆಟ್ಟಿಗೆ ಸಿಕ್ಕಿತು. ಆ ಮೊದಲನೆಯದೂ ಸೇರಿ ಅಂಥವೇ ಮೂರು ನಾಣ್ಯ ಪ್ಲಾಸ್ಟಿಕ್ ಚೌಕಟ್ಟಿನೊಳಗೆ ಇದ್ದವು. ಬಟ್ಟೆಯ ಸಣ್ಣ ಚೀಲದಲ್ಲಿ ಓರೆಕೋರೆಯಾದ ಇನ್ನೊಂದು ಚಿಕ್ಕ ನಾಣ್ಯವಿತ್ತು. ಅದು 1715ರಲ್ಲಿ ಮುಳುಗಿದ ಸ್ಪೇನ್ ಹಡಗಿನದಂತೆ. ಕೂಡಿಸಿ ನೋಡಿದರೆ 40 ಸಾವಿರ ಡಾಲರ್ ದಾಟಿದೆ. ಕೊನೆಯದಕ್ಕೆ ಮಗಳ ಓದಿಗೆಂದು ಇಟ್ಟ ಹಣ ತೆಗೆದಿದ್ದಾರೆ. ಕೇಳಿದರೆ, "ಚಿನ್ನ ತಾನೇ, ಎಲ್ಲಿಗೆ ಹೋಗುತ್ತೆ?" ಅಂತಾರೆ. ಈಗ ಯಾರೋ ಒಬ್ಬ ವಾರಕ್ಕೊಮ್ಮೆ ಫೋನ್ ಮಾಡಿ, ನಿವೃತ್ತಿಗೆ ಕೂಡಿಟ್ಟ ಹಣವನ್ನೂ ಇಂಥ ನಾಣ್ಯಕ್ಕೆ ಹಾಕಿ ಎನ್ನುತ್ತಿದ್ದಾನೆ.

ಊರಿನಿಂದ ಬಂದ ಅತ್ತೆ, "ಸತ್ತವ್ರ ಚಿನ್ನ ಮನಿಯೊಳ್ಗೆ ಬ್ಯಾಡ ಮಗಾ" ಎಂದು ಹಟ ಹಿಡಿದಿದ್ದಾರೆ. ಇಡಲೇಬೇಕು ಎಂದಾದರೆ ಪ್ಲಾಸ್ಟಿಕ್ ಒಡೆದು, ಅರಿಸಿನದ ನೀರಲ್ಲಿ ತೊಳೆದು ದೇವರ ಮುಂದೆ ಇಡಬೇಕಂತೆ. ಆ ಮಾತಿಗೆ ಇವರು ತಾಯಿಯ ಮೇಲೆ ಮೊದಲ ಸಲ ಕೂಗಾಡಿದರು. ಡಿಸೆಂಬರಿನಲ್ಲಿ ಊರಲ್ಲಿ ಮೈದುನನ ಮನೆ ಒಕ್ಕಲು. ನಾಣ್ಯಗಳನ್ನು ಅಲ್ಲಿಗೆ ಒಯ್ದು ಎಲ್ಲರಿಗೂ ತೋರಿಸುತ್ತೇನೆ ಎನ್ನುತ್ತಿದ್ದಾರೆ. ನಮ್ಮ ಹಣ ಹೋಯಿತೇ? ನಾನು ಏನು ಮಾಡಲಿ?

(ಹೆಸರು ಬೇಡ)

ಉತ್ತರ:

ತಂಗೀ, ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು 40 ಸಾವಿರ ಡಾಲರ್ ಅಲ್ಲ. "ಅದನ್ನು ನನಗೆ ತೋರಿಸಿದ್ದರು, ನಾನೂ ಖುಷಿಪಟ್ಟಿದ್ದೆ" ಎಂಬ ಮಾತು. ಮೊದಲ ನಾಣ್ಯ ನಿಮ್ಮಿಬ್ಬರ ಕೈಯಲ್ಲೂ ಆಡಿತು, ಉಳಿದವು ಕಪಾಟಿನ ಹಿಂದೆ ಹೋದವು. ನಡುವೆ ಏನಾಯಿತು ಎಂಬುದನ್ನು ನೀವು ಅವರ ಬಾಯಿಂದಲೇ ಕೇಳಬೇಕು. ಆ ಮಾತುಕತೆಗೆ ಕೂರುವ ಮುಂಚೆ ಈ ನಾಣ್ಯ ಎಂಥದು, ಅದರ ಬೆಲೆ ಎಲ್ಲಿಂದ ಬರುತ್ತದೆ ಎಂಬುದು ನಿಮಗೂ ಅವರಷ್ಟೇ ತಿಳಿದಿರಲಿ. ತಿಳಿಯದೆ ಕೂತರೆ ಅವರು ಇತಿಹಾಸ ಹೇಳುತ್ತಾರೆ, ನೀವು ಲೆಕ್ಕ ಹೇಳುತ್ತೀರಿ. ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟುವುದಿಲ್ಲ.

ಹಡಗಿನ ಹೆಸರು ಎಸ್‌ಎಸ್ ಸೆಂಟ್ರಲ್ ಅಮೆರಿಕ. ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿ ಜನ ಮುಗಿಬಿದ್ದ ಕಾಲ ಅದು. ಅಮೆರಿಕದ ಪಶ್ಚಿಮದಿಂದ ಪೂರ್ವಕ್ಕೆ ಆಗ ರೈಲು ಇರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಒಂದು ಹಡಗು ಹತ್ತಿ ಪನಾಮಾಕ್ಕೆ ಬರಬೇಕು, ಅಲ್ಲಿಯ ಕಿರಿದಾದ ನೆಲವನ್ನು ರೈಲಿನಲ್ಲಿ ದಾಟಬೇಕು, ಆಚೆ ದಡದಲ್ಲಿ ಇನ್ನೊಂದು ಹಡಗು ಹತ್ತಿ ಹವಾನಾ ಮೇಲಿಂದ ನ್ಯೂಯಾರ್ಕಿಗೆ ಹೋಗಬೇಕು. ಆ ಎರಡನೇ ಹಡಗೇ ಇದು. 1857ರ ಸೆಪ್ಟೆಂಬರಿನಲ್ಲಿ ಸುಮಾರು 580 ಜನರನ್ನೂ ಟನ್ನುಗಟ್ಟಲೆ ಚಿನ್ನವನ್ನೂ ಹೊತ್ತು ಬರುತ್ತಿದ್ದಾಗ ಚಂಡಮಾರುತಕ್ಕೆ ಸಿಕ್ಕಿತು. ಹಡಗಿಗೆ ನೀರು ನುಗ್ಗಿ ಬಾಯ್ಲರಿನ ಬೆಂಕಿ ಆರಿತು. ಎಂಜಿನ್ನು ನಿಂತಿತು, ನೀರೆತ್ತುವ ಪಂಪುಗಳೂ ನಿಂತವು. ಗಂಡಸರೆಲ್ಲ ಸಾಲಾಗಿ ನಿಂತು ಬಕೆಟ್ಟು ಕೈಯಿಂದ ಕೈಗೆ ದಾಟಿಸುತ್ತ ಹಗಲೂ ರಾತ್ರಿ ನೀರು ಎತ್ತಿ ಹಾಕಿದರು. ನೀವು ಗಂಗೊಳ್ಳಿ ಅಳಿವೆಯ ಹತ್ತಿರದವರು, ಮಳೆಗಾಲದ ಕಡಲು ದೋಣಿಯನ್ನು ಏನು ಮಾಡುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ.

ಮರೀನ್ ಎಂಬ ಸಣ್ಣ ಹಾಯಿಹಡಗು ಹತ್ತಿರ ಬಂದಾಗ ಹೆಂಗಸರನ್ನೂ ಮಕ್ಕಳನ್ನೂ ಮೊದಲು ದೋಣಿಗಳಲ್ಲಿ ಅಲ್ಲಿಗೆ ದಾಟಿಸಿದರು. ಕ್ಯಾಪ್ಟನ್ ವಿಲಿಯಂ ಲೂಯಿಸ್ ಹರ್ನ್‌ಡನ್ ತನ್ನ ಗಡಿಯಾರವನ್ನು ಬಿಚ್ಚಿ, ದೋಣಿ ಹತ್ತುತ್ತಿದ್ದ ಒಬ್ಬ ಪ್ರಯಾಣಿಕನ ಕೈಗಿತ್ತು, ಹೆಂಡತಿಗೆ ತಲುಪಿಸು ಎಂದ. ಮುಂದೆ ಮಾತು ಹೊರಡಲಿಲ್ಲ. ಅದೇ ಹೊತ್ತಿನಲ್ಲಿ ಒಳಗಿದ್ದ ಕೆಲವರು ವರ್ಷಗಟ್ಟಲೆ ಗಣಿಯಲ್ಲಿ ದುಡಿದು ಕೂಡಿಸಿದ ಚಿನ್ನದ ಪುಡಿಯ ಚೀಲಗಳನ್ನು ನೆಲಕ್ಕೆ ಸುರಿದರಂತೆ. ಸೊಂಟದಲ್ಲಿ ಕಟ್ಟಿಕೊಂಡರೆ ಅದೇ ಎಳೆದು ಮುಳುಗಿಸುತ್ತದೆ. ಬೇಕಾದವರು ತೆಗೆದುಕೊಳ್ಳಿ ಎಂದರೂ ಯಾರೂ ಬಾಗಲಿಲ್ಲ. ಸೆಪ್ಟೆಂಬರ್ 12ರ ರಾತ್ರಿ ಹಡಗು ಮುಳುಗಿತು. ಸತ್ತವರು ಸುಮಾರು 425 ಜನ. ಆ ಚಿನ್ನ ನ್ಯೂಯಾರ್ಕಿನ ಬ್ಯಾಂಕುಗಳಿಗೆ ತಲುಪದೇ ಹೋದದ್ದು ಅದೇ ವರ್ಷ ಅಮೆರಿಕದಲ್ಲಿ ಎದ್ದ ಹಣಕಾಸಿನ ಗಾಬರಿಯನ್ನು ಇನ್ನಷ್ಟು ಹೆಚ್ಚಿಸಿತು. ಮರುವರ್ಷ ನಿಮ್ಮ ಊರು ಆ ಕ್ಯಾಪ್ಟನ್ನನ ಹೆಸರು ಇಟ್ಟುಕೊಂಡಿತು.

ಇದನ್ನು ಓದಿದ ಮನುಷ್ಯನಿಗೆ ಆ ಹಡಗಿನ ಒಂದು ಚೂರಾದರೂ ಕೈಯಲ್ಲಿ ಹಿಡಿಯಬೇಕು ಅನ್ನಿಸಿದರೆ ನಾನು ತಪ್ಪು ಹೇಳಲಾರೆ. ನಿಮ್ಮ ಯಜಮಾನರಿಗೆ ಹಿಡಿದಿರುವುದು ದುರಾಸೆ ಎಂದು ಮೊದಲೇ ತೀರ್ಮಾನ ಮಾಡಬೇಡಿ. ಪರದೇಶದಲ್ಲಿ 17 ವರ್ಷ ಬಾಳಿದವರಿಗೆ ತಾವಿರುವ ನೆಲದ ಕಥೆಯೊಳಗೆ ತಮಗೂ ಒಂದು ಜಾಗ ಬೇಕು ಅನ್ನಿಸುತ್ತದೆ.

ಇನ್ನು ಬೆಲೆಯ ಮಾತು. ಹಡಗಿನ ಅವಶೇಷ ಪತ್ತೆಯಾದದ್ದು 1988ರಲ್ಲಿ, ಕರಾವಳಿಯಿಂದ 250 ಕಿಲೋಮೀಟರಿಗೂ ದೂರ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ. ಒಹಾಯೊದ ಎಂಜಿನಿಯರ್ ಟಾಮಿ ಥಾಂಪ್ಸನ್ ತಂಡ ಯಂತ್ರಮಾನವನನ್ನು ಇಳಿಸಿ ಚಿನ್ನ ಎತ್ತಿತು. ಕಬ್ಬಿಣದ ತುಕ್ಕು ಮೆತ್ತಿಕೊಂಡಿದ್ದ ನಾಣ್ಯಗಳನ್ನು ತಜ್ಞರು ರಾಸಾಯನಿಕದಲ್ಲಿ ನಿಧಾನವಾಗಿ ಬಿಡಿಸಿದಾಗ ಒಳಗಿನ ಹೊಳಪು ಹಾಗೇ ಇತ್ತು. ಚಿನ್ನವನ್ನು ಉಪ್ಪುನೀರು ತಿನ್ನುವುದಿಲ್ಲ. ಅಷ್ಟು ಆಳದಲ್ಲಿ ಅಲೆಯೂ ಇಲ್ಲ, ಮರಳು ಉಜ್ಜುವುದೂ ಇಲ್ಲ. ತೀರದ ಹತ್ತಿರ ಮುಳುಗಿದ ಹಡಗಿನ ನಾಣ್ಯ ಮರಳಿಗೆ ತಿಕ್ಕಿ ಮಂಕಾಗಿರುತ್ತದೆ, ಬೆಳ್ಳಿಯದಾದರೆ ಕಪ್ಪಾಗಿ ಸವೆದಿರುತ್ತದೆ.

ನಿಮ್ಮ ಮೂರೂ ಬಹುಶಃ 1857ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯಲ್ಲಿ ಅಚ್ಚಾದ 20 ಡಾಲರಿನ ನಾಣ್ಯಗಳು. ಜನ ಇದನ್ನು ಡಬಲ್ ಈಗಲ್ ಎನ್ನುತ್ತಾರೆ. ಹಿಂಬದಿಯ ಹದ್ದಿನ ಕೆಳಗೆ ಎಸ್ ಎಂಬ ಅಕ್ಷರ ಇದೆಯೇ ನೋಡಿ. ತೂಕ 33.436 ಗ್ರಾಂ. ನೂರಕ್ಕೆ 90 ಪಾಲು ಚಿನ್ನ, ಉಳಿದದ್ದು ಹೆಚ್ಚಾಗಿ ತಾಮ್ರ. ಅಂದರೆ ಒಂದೊಂದರಲ್ಲಿ ಸುಮಾರು 30 ಗ್ರಾಂ ಅಪರಂಜಿ. ನಿಮ್ಮ ಅತ್ತೆಗೆ ಅರ್ಥವಾಗುವ ಲೆಕ್ಕದಲ್ಲಿ ಹೇಳಲೇ? ಒಂದು ಪವನಿನಲ್ಲಿ ಅಚ್ಚ ಚಿನ್ನ 7.32 ಗ್ರಾಂ. ಮೂರು ನಾಣ್ಯ ಸೇರಿದರೆ ಹನ್ನೆರಡು ಪವನಿನಷ್ಟು ಚಿನ್ನ. ಇಂದಿನ ದರ ಹಿಡಿದು ನೀವೇ ಗುಣಿಸಿ, ಅದನ್ನು ಯಜಮಾನರು ಕೊಟ್ಟ ಹಣದಿಂದ ಕಳೆಯಿರಿ. ಉಳಿಯುವುದು ಕಥೆಗೆ ಕೊಟ್ಟ ಬೆಲೆ.

"ಚಿನ್ನ ತಾನೇ, ಎಲ್ಲಿಗೆ ಹೋಗುತ್ತೆ?" ಎಂಬ ಮಾತಿನ ತಪ್ಪು ಇರುವುದು ಇಲ್ಲೇ. ಚಿನ್ನದ ಭಾಗ ಎಲ್ಲಿಗೂ ಹೋಗುವುದಿಲ್ಲ, ನಿಜ. ಕಥೆಯ ಭಾಗ ಹೋಗಬಹುದು. ಸರ ಮಾಡಿಸುವಾಗ ನಾವು ಕೊಡುವ ಮಜೂರಿ, ವೇಸ್ಟೇಜು ಮಾರುವಾಗ ವಾಪಸು ಬರುವುದಿಲ್ಲವಲ್ಲ, ಹಾಗೆ. ಒಂದು ವ್ಯತ್ಯಾಸ ಉಂಟು. ಕಥೆಯ ಮಜೂರಿ ಕೆಲವೊಮ್ಮೆ ವಾಪಸು ಬರುತ್ತದೆ, ಕೆಲವೊಮ್ಮೆ ಬೆಳೆದೂ ಬರುತ್ತದೆ. ಅದು ನಿಂತಿರುವುದು ಆ ಕಥೆಗೆ ಮನಸೋಲುವ ಇನ್ನೊಬ್ಬ ಮನುಷ್ಯ ಸಿಗುವುದರ ಮೇಲೆ. ಇದೇ ನಾಣ್ಯದ ಚರಿತ್ರೆ ನೋಡಿ. ಹಡಗು ಸಿಗುವ ಮುಂಚೆ ಸವೆಯದೆ ಹೊಸದರಂತಿದ್ದ 1857ರ ಸ್ಯಾನ್ ಫ್ರಾನ್ಸಿಸ್ಕೊ ಡಬಲ್ ಈಗಲ್ ಬಹಳ ಅಪರೂಪದ್ದಾಗಿತ್ತು. ಹಡಗಿನಿಂದ 5,400ಕ್ಕೂ ಹೆಚ್ಚು ಒಮ್ಮೆಲೇ ಮೇಲೆ ಬಂದವು. ಹಳೆಯ ಸಂಗ್ರಹಕಾರರು ಅಪರೂಪವೆಂದು ಕಾಪಾಡಿಕೊಂಡಿದ್ದದ್ದು ಆ ಕಾಲದ ಡಬಲ್ ಈಗಲ್‌ಗಳಲ್ಲೇ ಒಳ್ಳೆಯ ಸ್ಥಿತಿಯಲ್ಲಿ ಅತಿ ಸುಲಭವಾಗಿ ಸಿಗುವ ನಾಣ್ಯವಾಗಿಬಿಟ್ಟಿತು. 2014ರಲ್ಲಿ ಮತ್ತೆ ಅದೇ ಜಾಗಕ್ಕೆ ಹೋದಾಗ ಇನ್ನೂ 3,100ಕ್ಕೂ ಹೆಚ್ಚು ಚಿನ್ನದ ನಾಣ್ಯಗಳು ಸಿಕ್ಕವು.

ಇಲ್ಲಿ ನನ್ನ ಮನೆಯ ಒಂದು ಮಾತು ಹೇಳುತ್ತೇನೆ. ನನ್ನ ಅಪ್ಪನಿಗೆ ಹಳೆಯ ನಾಣ್ಯದ ಹುಚ್ಚಿತ್ತು. ಶಾಲಾ ಮಾಸ್ತರರ ಸಂಬಳ, ದೊಡ್ಡದೇನೂ ಕೊಳ್ಳಲಿಲ್ಲ. ವಿಜಯನಗರ ಕಾಲದ ಎರಡು ಪುಟ್ಟ ವರಾಹಗಳು ಅವರ ಹತ್ತಿರವಿದ್ದವು. ಯಾವ ರಾಜನದು, ಎಲ್ಲಿ, ಯಾರಿಂದ, ಎಷ್ಟಕ್ಕೆ ಕೊಂಡದ್ದು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಆ ನೋಟ್‌ಬುಕ್ಕು ಇದೆ ಎಂಬುದನ್ನು ಅಮ್ಮನಿಗೂ ಹೇಳಿರಲಿಲ್ಲ, ನಮಗೂ ಹೇಳಿರಲಿಲ್ಲ. ಅವರು ತೀರಿಕೊಂಡ ವರ್ಷ ತಮ್ಮನ ಫೀಸಿಗೆ ಹಣ ಬೇಕಾಯಿತು. ಅಮ್ಮ ಆ ನಾಣ್ಯಗಳನ್ನು ಅಂಟುವಾಳದ ನೀರಲ್ಲಿ ಚೆನ್ನಾಗಿ ಉಜ್ಜಿ ತೊಳೆದು ಊರಿನ ಒಬ್ಬ ಚಿನಿವಾರನ ಹತ್ತಿರ ಒಯ್ದರು. ಆತ ತಕ್ಕಡಿಗೆ ಹಾಕಿ, ತೂಕದ ಬೆಲೆ ಕೊಟ್ಟು ಕಳಿಸಿದ. ನೋಟ್‌ಬುಕ್ಕು ಎರಡು ವರ್ಷದ ಮೇಲೆ ಪಂಚಾಂಗಗಳ ಕಟ್ಟಿನಲ್ಲಿ ಸಿಕ್ಕಿತು. ಅಮ್ಮ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದನ್ನು ನಾನು ಮರೆತಿಲ್ಲ. ದುಡ್ಡು ಹೋದದ್ದಕ್ಕಿಂತ, ಅಪ್ಪನಿಗೆ ಅಷ್ಟು ಪ್ರೀತಿಯಾದದ್ದು ಏನು ಎಂದೇ ತನಗೆ ಗೊತ್ತಿರಲಿಲ್ಲವಲ್ಲ ಎಂಬ ಸಂಕಟ ಅವರಿಗೆ.

ಆದ್ದರಿಂದ ಪೆಟ್ಟಿಗೆ ತೆರೆದಾಗ ನಾಣ್ಯಕ್ಕಿಂತ ಮೊದಲು ಕಾಗದ ಕೇಳಿ. ಆ ಪ್ಲಾಸ್ಟಿಕ್ ಚೌಕಟ್ಟು ಬರೀ ಡಬ್ಬಿ ಅಲ್ಲ. ನಾಣ್ಯವನ್ನು ಪರೀಕ್ಷಿಸಿ, 1ರಿಂದ 70ರವರೆಗಿನ ಅಳತೆಯಲ್ಲಿ ಅದರ ದರ್ಜೆ ಹೇಳಿ, ಒಂದು ಸಂಖ್ಯೆ ಕೊಟ್ಟು ಮುಚ್ಚುವ ಸಂಸ್ಥೆಗಳು ಅಮೆರಿಕದಲ್ಲಿವೆ. ಪಿಸಿಜಿಎಸ್, ಎನ್‌ಜಿಸಿ ಎಂಬ ಎರಡು ಹೆಚ್ಚು ಹೆಸರಾದವು. ಯಾವ ಹಡಗಿನದು ಎಂಬುದೂ ಚೌಕಟ್ಟಿನೊಳಗಿನ ಚೀಟಿಯಲ್ಲೇ ಇರುತ್ತದೆ. ಚೀಟಿಯ ಸಂಖ್ಯೆಯನ್ನು ಆ ಸಂಸ್ಥೆಯ ಜಾಲತಾಣದಲ್ಲಿ ಹಾಕಿ ನೋಡಿ. ಸಂಖ್ಯೆ ಸರಿಯಿದೆ ಎಂದಷ್ಟಕ್ಕೆ ಬಿಡಬೇಡಿ. ನಿಜವಾದ ಸಂಖ್ಯೆಯನ್ನೇ ನಕಲು ಚೌಕಟ್ಟಿಗೆ ಅಂಟಿಸಿ ಮಾರುವವರಿದ್ದಾರೆ. ಅಲ್ಲಿ ಫೋಟೊ ಇದ್ದರೆ ನಿಮ್ಮ ನಾಣ್ಯದ ಮೇಲಿನ ಗೀರು, ಕಲೆ, ಮಚ್ಚೆ ಒಂದೊಂದನ್ನೂ ಅದರ ಜೊತೆ ಹೋಲಿಸಿ. ಅಂಗಡಿಯ ರಸೀದಿ, ಹಣ ಕೊಟ್ಟ ದಾಖಲೆ ಎಲ್ಲವನ್ನೂ ಒಂದೇ ಕಡತಕ್ಕೆ ಸೇರಿಸಿ. ಈ ಹಡಗಿನ ಚಿನ್ನದ ಒಡೆತನ ಯಾರದು ಎಂಬ ವ್ಯಾಜ್ಯ ವರ್ಷಗಟ್ಟಲೆ ಕೋರ್ಟಿನಲ್ಲಿ ನಡೆದು, ಸುಮಾರು 92 ಪಾಲು ಹುಡುಕಿದವರಿಗೆ, ಉಳಿದದ್ದು ಅಂದು ನಷ್ಟ ಭರಿಸಿದ ವಿಮಾ ಕಂಪನಿಗಳಿಗೆ ಎಂದಾಗಿದೆ. ಹಾಗಾಗಿ ಕಾಗದ ಸರಿಯಿದ್ದರೆ ಈ ಮೂರರ ಬಗ್ಗೆ ನನಗೆ ಹೆಚ್ಚು ಹೆದರಿಕೆಯಿಲ್ಲ.

ಹೆದರಿಕೆ ಇರುವುದು ಬಟ್ಟೆ ಚೀಲದಲ್ಲಿರುವ ನಾಲ್ಕನೆಯದರ ಬಗ್ಗೆ. 1715ರ ಜುಲೈ 31ರಂದು ಫ್ಲಾರಿಡಾದ ಪೂರ್ವ ತೀರದಲ್ಲಿ ಸ್ಪೇನಿನ 11 ಹಡಗುಗಳು ಒಂದೇ ಚಂಡಮಾರುತಕ್ಕೆ ನಾಶವಾದವು. ಅಮೆರಿಕ ಖಂಡದ ಸ್ಪೇನ್ ವಸಾಹತುಗಳಲ್ಲಿ ಸುತ್ತಿಗೆಯಿಂದ ಹೊಡೆದು ಮಾಡಿದ ಓರೆಕೋರೆ ನಾಣ್ಯಗಳು ಇಂದಿಗೂ ಅಲ್ಲಿ ಸಿಗುತ್ತಿವೆ. ಅನುಮತಿ ಪಡೆದವರು ಎತ್ತುತ್ತಾರೆ, ಲೆಕ್ಕ ಒಪ್ಪಿಸುತ್ತಾರೆ, ರಾಜ್ಯ ಸರ್ಕಾರ ತನ್ನ ವಸ್ತುಸಂಗ್ರಹಾಲಯಕ್ಕೆ ಬೇಕಾದ ಪಾಲು ಇಟ್ಟುಕೊಳ್ಳುತ್ತದೆ. ಲೆಕ್ಕ ತಪ್ಪಿಸಿದ್ದೂ ಉಂಟು. 2015ರಲ್ಲಿ ಹೀಗೆ ಸಿಕ್ಕ 101 ಚಿನ್ನದ ನಾಣ್ಯಗಳಲ್ಲಿ 50ನ್ನು ಮುಚ್ಚಿಟ್ಟು 51ಕ್ಕೆ ಮಾತ್ರ ಲೆಕ್ಕ ಕೊಟ್ಟರು. ಒಂಬತ್ತು ವರ್ಷದ ನಂತರ, 2024ರಲ್ಲಿ, ಅವುಗಳಲ್ಲಿ 37ನ್ನು ಅಧಿಕಾರಿಗಳು ಪತ್ತೆ ಮಾಡಿದರು. ಕೆಲವು ಒಬ್ಬ ಹರಾಜುಗಾರನ ಕೈ ಸೇರಿದ್ದವು. ಕದ್ದ ಮಾಲು ಎಂದು ಆತನಿಗೆ ಗೊತ್ತಿರಲಿಲ್ಲ. ನಿಮ್ಮದು ಅಂಥದು ಎಂದು ನಾನು ಹೇಳುತ್ತಿಲ್ಲ. ಆದರೆ ಚೀಟಿಯಿಲ್ಲದ ನಾಣ್ಯ ಅಸಲಿಯೋ ನಕಲಿಯೋ, ಅಸಲಿಯಾದರೆ ಯಾರ ಕೈಯಿಂದ ಬಂದದ್ದು, ಎರಡೂ ತಿಳಿಯದು. ಮಾರಿದವನಿಂದ ಬರಹದಲ್ಲಿ ಮೂಲ ಕೇಳಿ. ಕೊಡದಿದ್ದರೆ ಹಣ ವಾಪಸು ಕೇಳಿ. ಮೂಲ ಬರೆದು ಕೊಟ್ಟರೆ ನಾಣ್ಯವನ್ನು ಪರೀಕ್ಷೆಗೆ ಕಳಿಸಿ.

ಕಾಗದ ಯಾಕೆ ಅಷ್ಟು ಮುಖ್ಯ ಎಂಬುದಕ್ಕೆ ನಮ್ಮ ಕಡೆಗೆ ಹೊರಟು ಬಾರದೇ ಹೋದ ಇನ್ನೊಂದು ಹಡಗು ನೆನಪಾಗುತ್ತದೆ. ಲಂಡನ್ನಿನಿಂದ ಮುಂಬೈಗೆ ಬರುತ್ತಿದ್ದ ಎಸ್‌ಎಸ್ ಈಜಿಪ್ಟ್, 1922ರ ಮೇ 20ರಂದು ಫ್ರಾನ್ಸ್ ತೀರದಾಚೆ ಮಂಜಿನಲ್ಲಿ ಇನ್ನೊಂದು ಹಡಗು ಡಿಕ್ಕಿ ಹೊಡೆದು ಮುಳುಗಿತು. ಅದರಲ್ಲಿ ಚಿನ್ನ, ಬೆಳ್ಳಿಯ ಗಟ್ಟಿಗಳ ಜೊತೆಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಪವನುಗಳಿದ್ದವು. ಹೈದರಾಬಾದ್ ನಿಜಾಮರ ಸರ್ಕಾರಕ್ಕೆಂದು ಅಚ್ಚಾದ ನೋಟುಗಳೂ ಇದ್ದವು. ಕಲಬುರಗಿ, ಬೀದರ್, ರಾಯಚೂರುಗಳ ನಮ್ಮ ಜನ ಆ ಸರ್ಕಾರದ ನೋಟುಗಳಲ್ಲೇ ವ್ಯವಹಾರ ಮಾಡುತ್ತಿದ್ದ ಕಾಲ. ಇಟಲಿಯ ಮುಳುಗುಗಾರರು ವರ್ಷಗಟ್ಟಲೆ ಹೆಣಗಿ, ನಡುವೆ ಒಂದು ಸ್ಫೋಟದಲ್ಲಿ ತಮ್ಮದೇ ಹಡಗನ್ನೂ ಜೊತೆಗಾರರನ್ನೂ ಕಳೆದುಕೊಂಡು, ಕೊನೆಗೆ 1932ರ ಜೂನಿನಲ್ಲಿ ಚಿನ್ನ ಮುಟ್ಟಿದರು. ಮೊದಲು ಮೇಲೆ ಬಂದದ್ದು ಎರಡೇ ಎರಡು ಪವನು. ಹಾಗೆ ಬಂದ ಒಂದು ಪವನನ್ನು ನಿಮ್ಮ ಅತ್ತೆಯ ಪವನಿನ ಸರದ ನಡುವೆ ಪೋಣಿಸಿದರೆ ಯಾವುದು ಕಡಲಿನದು ಎಂದು ಯಾವ ಒರೆಗಲ್ಲೂ ಹೇಳಲಾರದು. ಕಡಲಿನ ಕಥೆ ಲೋಹದಲ್ಲಿ ಇರುವುದಿಲ್ಲ, ಜೊತೆಗಿರುವ ಕಾಗದದಲ್ಲಿರುತ್ತದೆ.

ಅತ್ತೆಯ ಮಾತಿಗೆ ಇದೇ ಕಾರಣಕ್ಕೆ ನನ್ನ ಮೊದಲ ಉತ್ತರ: ಪ್ಲಾಸ್ಟಿಕ್ ಒಡೆಯಬೇಡಿ, ಅರಿಸಿನದ ನೀರು ಬೇಡ, ಹುಣಸೆಹಣ್ಣು ಬೇಡ, ಬಟ್ಟೆಯಿಂದ ಒರೆಸುವುದೂ ಬೇಡ. ಒಡೆದ ಗಳಿಗೆಯಲ್ಲೇ ಅದು ಸೆಂಟ್ರಲ್ ಅಮೆರಿಕದ ನಾಣ್ಯ ಎಂಬ ಸಾಕ್ಷಿ ಹೋಗುತ್ತದೆ. ಉಜ್ಜಿದರೆ ಮೈಮೇಲಿನ ಮೂಲ ಹೊಳಪು ಹೋಗುತ್ತದೆ. ಯಜಮಾನರು ಕೂಗಾಡಿದ್ದು ತಪ್ಪು, ಆದರೆ ಅವರ ಗಾಬರಿಗೆ ಕಾರಣವಿತ್ತು.

ಹಾಗೆಂದು ಅತ್ತೆಯ ಮಾತನ್ನು ಮೂಢನಂಬಿಕೆ ಎಂದು ತಳ್ಳಬೇಡಿ. ಸತ್ತವರ ಸೊತ್ತನ್ನು ಯಾರು, ಯಾವ ಹಕ್ಕಿನಿಂದ ಮಾರಬಹುದು ಎಂದು ಕೇಳುವವರು ಅವರೊಬ್ಬರೇ ಅಲ್ಲ. ನೀರಡಿಯ ಪರಂಪರೆಯನ್ನು ವ್ಯಾಪಾರಕ್ಕೆ ಬಳಸಬಾರದು ಎಂದು ಯುನೆಸ್ಕೊ 2001ರಲ್ಲಿ ಒಂದು ಒಡಂಬಡಿಕೆಯನ್ನೇ ಮಾಡಿತು. 1804ರಲ್ಲಿ ಮುಳುಗಿದ ಸ್ಪೇನಿನ ಮರ್ಸಿಡಿಸ್ ಎಂಬ ಯುದ್ಧನೌಕೆಯಿಂದ ಅಮೆರಿಕದ ಒಂದು ಕಂಪನಿ ಸುಮಾರು 17 ಟನ್ ನಾಣ್ಯ ಎತ್ತಿ ತಂದಿತ್ತು. ಅಷ್ಟನ್ನೂ ಸ್ಪೇನಿಗೆ ಹಿಂದಿರುಗಿಸಬೇಕೆಂದು ಅಮೆರಿಕದ ಕೋರ್ಟೇ ಹೇಳಿತು, 2012ರಲ್ಲಿ ಹಿಂದಿರುಗಿತು. ಸೆಂಟ್ರಲ್ ಅಮೆರಿಕದ ಅವಶೇಷದಲ್ಲಿ ಒಬ್ಬ ಹೆಂಗಸಿನ ಫೋಟೊ ಸಿಕ್ಕಿದೆ, ಗಾಜಿನ ಹಿಂದಿನ ಹಳೆಯ ಕಾಲದ ಚಿತ್ರ. ಅವಳು ಯಾರು ಎಂದು ಯಾರಿಗೂ ಗೊತ್ತಿಲ್ಲ. ಯಾರೋ ಒಬ್ಬ ಗಣಿಯ ಕೂಲಿ ಅದನ್ನು ಎದೆಗೆ ಹತ್ತಿರ ಇಟ್ಟುಕೊಂಡಿದ್ದಿರಬೇಕು. ಅಂಥದ್ದನ್ನು ಕೊಳ್ಳುವುದಕ್ಕೆ ನನಗಂತೂ ಕೈ ಬರುವುದಿಲ್ಲ. ನಾಣ್ಯದ ಮಾತು ಬೇರೆ ಅನ್ನಿಸುತ್ತದೆ. ಅದು ಕೈಯಿಂದ ಕೈಗೆ ದಾಟುವುದಕ್ಕೆಂದೇ ಹುಟ್ಟಿದ್ದು, ನಡುವೆ ಒಂದು ಶತಮಾನಕ್ಕೂ ಹೆಚ್ಚು ಕಾಲ ದಾರಿ ತಪ್ಪಿತ್ತು.

ಅತ್ತೆಯ ಮನಸ್ಸಿಗೆ ಸಮಾಧಾನ ಬೇಕಾದರೆ ಅವರ ದಾರಿಯಲ್ಲೇ ಒಂದು ಉಪಾಯವಿದೆ. ನಮ್ಮಲ್ಲಿ ಮಹಾಲಯ ಪಕ್ಷದಲ್ಲಿ ದಿಕ್ಕಿಲ್ಲದೆ ಸತ್ತವರಿಗೂ, ಹೆಸರು ಗೊತ್ತಿಲ್ಲದವರಿಗೂ ಧರ್ಮಪಿಂಡ ಇಡುವ ಕ್ರಮವಿದೆ. ಆ ಹಡಗು ಮುಳುಗಿದ ಸೆಪ್ಟೆಂಬರ್ 12 ಪಕ್ಷದ ದಿನಗಳ ಆಸುಪಾಸಿನಲ್ಲೇ ಬರುತ್ತದೆ. ಆ 425 ಜನರನ್ನು ನೆನೆದು ಒಂದು ಎಡೆ ಇಡಿ, ದೀಪ ಹಚ್ಚಿ, ಮಗನ ಕೈಯಿಂದಲೇ ಎಳ್ಳುನೀರು ಬಿಡಿಸಿ. ಪೆಟ್ಟಿಗೆಯನ್ನು ಮುಚ್ಚಿದಂತೆಯೇ ದೇವರ ಮುಂದೆ ಒಂದು ಹೊತ್ತು ಇಟ್ಟು ತೆಗೆಯಿರಿ. ಹಡಗಿನ ಕಥೆ ಅಷ್ಟು ಓದಿದ ಮಗ ಅದಕ್ಕೆ ಒಲ್ಲೆ ಎನ್ನಲಾರರು.

ಫೋನಿನವನ ವಿಷಯದಲ್ಲಿ ಮಾತ್ರ ಸ್ವಲ್ಪವೂ ಮೆತ್ತಗಾಗಬೇಡಿ. ಅಮೆರಿಕದ ಕಾನೂನಿನಲ್ಲಿ ಐಆರ್‌ಎ ಎಂಬ ನಿವೃತ್ತಿ ಖಾತೆಯ ಹಣದಿಂದ ಇಂಥ ಸಂಗ್ರಹದ ನಾಣ್ಯ ಕೊಂಡರೆ ಆ ಹಣವನ್ನು ಖಾತೆಯಿಂದ ಹೊರತೆಗೆದಂತೆ ಲೆಕ್ಕ ಹಿಡಿಯುತ್ತಾರೆ. ಅದರ ಮೇಲೆ ತೆರಿಗೆ ಬೀಳುತ್ತದೆ, ವಯಸ್ಸು ಕಡಿಮೆಯಿದ್ದರೆ ದಂಡವೂ ಬೀಳಬಹುದು. ಸರ್ಕಾರ ಹೊಸದಾಗಿ ಅಚ್ಚು ಹಾಕುವ ಕೆಲವು ಚಿನ್ನದ ನಾಣ್ಯಗಳಿಗೆ ಇರುವ ವಿನಾಯಿತಿಯನ್ನು ತೋರಿಸಿ ಹಳೆಯ ನಾಣ್ಯ ಮಾರಲು ಬರುವವರನ್ನು ನಂಬಬೇಡಿ. ಮಾರಿದಾಗಲೂ ಅಷ್ಟೇ. ಷೇರಿನ ದೀರ್ಘಾವಧಿ ಲಾಭಕ್ಕೆ ಹೆಚ್ಚಿನವರಿಗೆ ಬೀಳುವ ತೆರಿಗೆಗಿಂತ ಸಂಗ್ರಹ ವಸ್ತುವಿನ ಲಾಭಕ್ಕೆ ಹೆಚ್ಚು, ನೂರಕ್ಕೆ 28ರವರೆಗೂ ಹೋಗುತ್ತದೆ. ಮುಂದಿನ ಸಲ ಫೋನ್ ಬಂದಾಗ ಯಜಮಾನರು ಒಂದೇ ಪ್ರಶ್ನೆ ಕೇಳಲಿ: "ನೀವು ನನಗೆ ಮಾರಿದ ನಾಣ್ಯವನ್ನು ಇವತ್ತೇ ವಾಪಸು ಕೊಡುತ್ತೇನೆ, ಎಷ್ಟು ಕೊಡುತ್ತೀರಿ? ಬರೆದು ಕಳಿಸಿ." ಬರುವ ಉತ್ತರವನ್ನು ದೊಡ್ಡ ಹರಾಜು ಸಂಸ್ಥೆಗಳು ಜಾಲತಾಣದಲ್ಲಿ ಎಲ್ಲರಿಗೂ ತೆರೆದಿಟ್ಟಿರುವ ಹಿಂದಿನ ಮಾರಾಟದ ಬೆಲೆಗಳ ಜೊತೆ ಇಟ್ಟು ನೋಡಲಿ.

ಇದೇ ಹಡಗಿನ ಮೇಲೆ ಹಣ ಹೂಡಿದ ಮೊದಲಿಗರ ಕಥೆಯನ್ನೂ ಅವರು ಓದಿರಬೇಕು. 161 ಜನ ಸೇರಿ ಥಾಂಪ್ಸನ್ನರಿಗೆ 1.27 ಕೋಟಿ ಡಾಲರ್ ಕೊಟ್ಟರು. ಚಿನ್ನವೂ ಸಿಕ್ಕಿತು, ಕೋಟಿಗಟ್ಟಲೆಗೆ ಮಾರಾಟವೂ ಆಯಿತು. ತಮಗೆ ಏನೂ ಬರಲಿಲ್ಲವೆಂದು 2005ರಲ್ಲಿ ಅವರಲ್ಲಿ ಕೆಲವರು ಕೋರ್ಟಿಗೆ ಹೋದರು. ಥಾಂಪ್ಸನ್ ತಲೆಮರೆಸಿಕೊಂಡು, 2015ರಲ್ಲಿ ಫ್ಲಾರಿಡಾದಲ್ಲಿ ಸಿಕ್ಕಿಬಿದ್ದರು. 500 ಚಿನ್ನದ ನಾಣ್ಯಗಳು ಎಲ್ಲಿವೆ ಎಂದು ಹೇಳಲಿಲ್ಲವೆಂದು ವರ್ಷಗಟ್ಟಲೆ ಜೈಲಿನಲ್ಲಿದ್ದರು. ಚಿನ್ನ ಇದೆ ಎಂಬುದೂ ಹಣ ಕೊಟ್ಟವರ ಕೈಗೆ ಬರುತ್ತದೆ ಎಂಬುದೂ ಎರಡು ಬೇರೆ ಮಾತು.

ಕಪಾಟಿನ ಹಿಂದೆ ಇಡುವುದನ್ನು ಇಂದೇ ನಿಲ್ಲಿಸಿ. ಮನೆಯ ಸಾಮಾನ್ಯ ವಿಮೆಯಲ್ಲಿ ನಾಣ್ಯ ಕಳುವಾದರೆ ಸಿಗುವುದು ಬಹಳ ಕಡಿಮೆ, ಅನೇಕ ಪಾಲಿಸಿಗಳಲ್ಲಿ ಬರೀ 200 ಡಾಲರ್. ಬ್ಯಾಂಕ್ ಲಾಕರಿನಲ್ಲಿಟ್ಟರೂ ಠೇವಣಿಗೆ ಇರುವ ಸರ್ಕಾರಿ ವಿಮೆ ಅದರೊಳಗಿನ ವಸ್ತುವಿಗೆ ಇಲ್ಲ. ಲಾಕರು ತೆಗೆದುಕೊಳ್ಳಿ, ನಾಣ್ಯಗಳಿಗೆಂದೇ ಪ್ರತ್ಯೇಕ ವಿಮೆ ಮಾಡಿಸಿ, ಲಾಕರಿನಲ್ಲಿ ನಿಮ್ಮ ಹೆಸರೂ ಇರಲಿ.

ಊರಿಗೆ ಒಯ್ಯುವುದು ಬೇಡವೇ ಬೇಡ. ಮೈಮೇಲಿನ ಒಡವೆಗೆ ವಿಮಾನ ನಿಲ್ದಾಣದಲ್ಲಿ ಸಿಗುವ ರಿಯಾಯಿತಿ ಚಿನ್ನದ ನಾಣ್ಯಕ್ಕೆ ಸಿಗುವುದಿಲ್ಲ, ಸುಂಕದವರಿಗೆ ಹೇಳದೆ ದಾಟಿದರೆ ಜಪ್ತಿಯಾಗುತ್ತದೆ. ಅದಕ್ಕಿಂತ ದೊಡ್ಡ ತೊಡಕು ಹಿಂದಿರುಗುವಾಗಿನದು. 100 ವರ್ಷ ದಾಟಿದ ಐತಿಹಾಸಿಕ ನಾಣ್ಯ ಭಾರತದ 1972ರ ಪುರಾತನ ವಸ್ತುಗಳ ಕಾಯ್ದೆಯೊಳಗೆ ಬರಬಹುದು. ಬಂದರೆ ಖಾಸಗಿಯವರು ಅದನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ಮನೆ ಒಕ್ಕಲಿಗೆ ಫೋಟೊ ಒಯ್ಯಲಿ, ಕಥೆ ಹೇಳಲಿ. ಜಗಲಿಯ ಮೇಲೆ ಕೂತು ಕೇಳುವವರಿಗೆ ಅಷ್ಟು ಸಾಕು.

ಕೊನೆಗೆ, ಮಾತುಕತೆ. ಪೆಟ್ಟಿಗೆ ಸಿಕ್ಕಿದ್ದು ಅವರಿಗೆ ಗೊತ್ತಿದೆ, ಜಗಳವೂ ಆಗಿದೆ. ಮತ್ತೆ ಹಣದಿಂದಲೇ ಶುರು ಮಾಡಬೇಡಿ. "ಮೊದಲನೆಯದನ್ನು ತೋರಿಸಿದ್ದಿರಿ, ಎರಡನೆಯದನ್ನು ಯಾಕೆ ತೋರಿಸಲಿಲ್ಲ?" ಎಂದು ಕೇಳಿ ಸುಮ್ಮನೆ ಕೂತುಕೊಳ್ಳಿ. ಅವರು ಉತ್ತರ ಹುಡುಕಲಿ. ನೀವು ಬೇಡ ಎನ್ನುತ್ತೀರಿ ಎಂಬ ಹೆದರಿಕೆಯೇ, ಲೆಕ್ಕ ಮೀರಿತು ಎಂಬ ನಾಚಿಕೆಯೇ, ನಿಮಗೆ ಇದರಲ್ಲಿ ಆಸಕ್ತಿಯಿಲ್ಲ ಎಂಬ ಬೇಸರವೇ, ಮೂರಕ್ಕೂ ಮದ್ದು ಬೇರೆ ಬೇರೆ. ಮಗಳನ್ನೂ ಕೂರಿಸಿಕೊಳ್ಳಿ, ಅವಳ ಓದಿನ ಹಣದ ಮಾತು ಅವಳ ಎದುರಿಗೇ ಆಗಲಿ. ನನ್ನ ತೀರ್ಪು ಕೇಳಿದ್ದೀರಿ, ಹೇಳುತ್ತೇನೆ. ಮೊದಲು ಕೊಂಡ ನಾಣ್ಯ ಮನೆಯಲ್ಲಿ ಉಳಿಯಲಿ, ಅದು ನಿಮ್ಮಿಬ್ಬರದು. ಅದೇ ಬಗೆಯ ಇನ್ನೆರಡರಲ್ಲಿ ಒಂದನ್ನು, ಬೇಕಾದರೆ ಎರಡನ್ನೂ, ಅವಸರವಿಲ್ಲದೆ ಒಳ್ಳೆಯ ಹರಾಜಿನಲ್ಲಿ ಮಾರಿ ಮಗಳ ಖಾತೆಗೆ ತುಂಬಿ. ಸ್ವಲ್ಪ ನಷ್ಟವಾದರೂ ಆಗಲಿ. ಬಟ್ಟೆ ಚೀಲದ್ದು ಕಾಗದ ಸಿಗುವವರೆಗೆ ನಿಮ್ಮ ಆಸ್ತಿಯ ಲೆಕ್ಕಕ್ಕೆ ಬೇಡ. ಮುಂದೆ ಕೊಳ್ಳುವುದಾದರೆ ವರ್ಷಕ್ಕೆ ಇಷ್ಟು ಎಂದು ಇಬ್ಬರೂ ಸೇರಿ ಗೆರೆ ಎಳೆಯಿರಿ, ಪ್ರವಾಸಕ್ಕೋ ಹಬ್ಬಕ್ಕೋ ತೆಗೆದಿಡುವಂಥ ಹಣದಿಂದ ಮಾತ್ರ.

ಇನ್ನೊಂದು ಕೆಲಸ ಬಾಕಿ ಇದೆ. ಒಂದು ನೋಟ್‌ಬುಕ್ಕು ಕೊಂಡು ತನ್ನಿ. ಪ್ರತಿ ನಾಣ್ಯಕ್ಕೂ ಒಂದು ಪುಟ: ಯಾವ ಹಡಗು, ಯಾವ ಸಂಖ್ಯೆ, ಯಾರಿಂದ, ಯಾವಾಗ, ಎಷ್ಟಕ್ಕೆ. ಯಜಮಾನರು ಹೇಳಲಿ, ನೀವು ಕನ್ನಡದಲ್ಲಿ ಬರೆಯಿರಿ, ಮಗಳು ಅದನ್ನು ಎಲ್ಲಿಟ್ಟಿದ್ದೀರಿ ಎಂದು ತಿಳಿದುಕೊಳ್ಳಲಿ. ಹರ್ನ್‌ಡನ್‌ನ ಗಡಿಯಾರ ಯಾರಿಗೆ ಸೇರಬೇಕು ಎಂಬ ಮಾತಿನೊಂದಿಗೇ ಹಡಗಿನಿಂದ ಹೊರಟಿತ್ತು. ಈ ಭಾನುವಾರವೇ ಕೂತುಕೊಳ್ಳಿ, ಏನಾಯಿತು ಎಂದು ನನಗೆ ಮರೆಯದೆ ಬರೆಯಿರಿ.